ಕೆಂಪು ಕೋಟಿನ ಮೇಲೆ ಹಸಿರು ಬಳ್ಳಿ

೧

ಈ ಕತೆಯನ್ನು ಎಲ್ಲಿಂದ ಶುರುಮಾಡಲಿ ಎಂದು ನಿಮ್ಮನ್ನೇ ಕೇಳೋಣ ಅಂದುಕೊಂಡೆ. ಆದರೆ ನೀವು ಈಗತಾನೇ ಬಂದಿದ್ದೀರಿ, ಇನ್ನೂ ಚಪ್ಪಲಿ ಕೂಡ ಬಿಟ್ಟಿಲ್ಲ. ಬಂದವರಿಗೆ ಕೂರಿ ಅನ್ನುವ ಮೊದಲೇ ಕೆಲಸ ಹಚ್ಚುವುದು ಮರ್ಯಾದೆಯಲ್ಲ.

ಮೊದಲ ಕರಡು ಹೀಗಿತ್ತು: 'ಟೆಲಿವಿಷನ್ ಎಂಬ ಮಾಯಾಪೆಟ್ಟಿಗೆ ಮನುಕುಲದ ಸಂಜೆಗಳನ್ನು ಶಾಶ್ವತವಾಗಿ ಬದಲಿಸಿತು.' ಗಟ್ಟಿಯಾಗಿ ಓದಿಕೊಂಡೆ. ಯಾವುದೋ ಕಟ್ಟಡದ ಉದ್ಘಾಟನೆಯ ಭಾಷಣದಂತೆ ಕೇಳಿಸಿತು. ನನ್ನ ವಾಕ್ಯಕ್ಕೆ ನನಗೇ ಆಕಳಿಕೆ ಬಂದಿದ್ದರಿಂದ ಹರಿದು ಹಾಕಿದೆ.

ಎರಡನೆಯದು ಮಾಳಿಗೆಯ ಮೇಲಿಂದ ಶುರುವಾಗುತ್ತಿತ್ತು. ಒಬ್ಬ ಆಂಟೆನಾ ತಿರುಗಿಸುತ್ತಾನೆ, ಕೆಳಗಿನವರು 'ಬಂತು, ಬಂತು, ಅಯ್ಯೋ ಹೋಯ್ತು' ಅನ್ನುತ್ತಾರೆ. ಚೆನ್ನಾಗಿತ್ತು. ಆದರೆ ಆ ಆಂಟೆನಾವನ್ನು ನನಗಿಂತ ಮೊದಲು ಎಷ್ಟು ಲೇಖಕರು ತಿರುಗಿಸಿದ್ದಾರೆಂದರೆ, ಪಾಪ, ಅದರ ಕತ್ತು ಸಡಿಲವಾಗಿಬಿಟ್ಟಿದೆ. ಅದನ್ನೂ ಕೈಬಿಟ್ಟೆ.

(ಕೈಬಿಟ್ಟೆ ಎಂದೆನೇ ಹೊರತು ಬಿಸಾಡಲಿಲ್ಲ. ಮೇಲಿನ ಪ್ಯಾರಾದಲ್ಲಿ ಅದನ್ನು ಆಗಲೇ ಬಳಸಿಕೊಂಡಾಯಿತು. ಚಿಂದಿ ಬಟ್ಟೆಯನ್ನೂ ಎತ್ತಿಡುವ ಅಜ್ಜಿಯರಿಗೂ ನಮಗೂ ಹೆಚ್ಚು ವ್ಯತ್ಯಾಸವಿಲ್ಲ.)

೨

ಮೂರನೆಯ ಕರಡು ಒಂದು ಕೋಟಿನಿಂದ ಶುರುವಾಗುತ್ತದೆ. ಇದೇ ಇರಲಿ.

ಕೋಟಿನ ಬಣ್ಣ ಕಡುಕೆಂಪು. ಎದೆಯ ಎರಡೂ ಕಡೆ, ಕಾಲರಿನ ಸುತ್ತ, ತೋಳಿನ ಅಂಚಿಗೆ ಹಸಿರು ರೇಷ್ಮೆ ದಾರದಲ್ಲಿ ಕಸೂತಿ ಮಾಡಿದ ಬಳ್ಳಿ. ಅದು ಟೆಲಿವಿಷನ್ ಸ್ಟುಡಿಯೋದ ಉಡುಪಿನ ಕೋಣೆಯಲ್ಲಿ ಹ್ಯಾಂಗರಿನಲ್ಲಿ ನೇತಾಡುತ್ತಿದೆ. ಸಂಜೆಯಾಗಿದೆ. ಇನ್ನು ಸ್ವಲ್ಪ ಹೊತ್ತಿಗೆ ನಾಟಕ. ಆ ಕಾಲದಲ್ಲಿ ನಾಟಕವನ್ನು ಮೊದಲೇ ಚಿತ್ರಿಸಿಟ್ಟುಕೊಂಡು ಆಮೇಲೆ ತೋರಿಸುವ ಸೌಕರ್ಯ ಆ ಸ್ಟುಡಿಯೋದಲ್ಲಿರಲಿಲ್ಲ. ಇಲ್ಲಿ ಆಡಿದ್ದು ಆ ಕ್ಷಣವೇ ಊರಿನ ಮನೆಗಳಲ್ಲಿ ಕಾಣುತ್ತಿತ್ತು. ನಟ ಕೆಮ್ಮಿದರೆ ಆ ಕೆಮ್ಮೂ ಜೊತೆಗೇ ಹೋಗುತ್ತಿತ್ತು.

ಕೋಟಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತವಳನ್ನು ಅಲ್ಲಿ ಎಲ್ಲರೂ ಉಡುಪಿನಕ್ಕ ಎಂದು ಕರೆಯುತ್ತಾರೆ. ನಟನಟಿಯರಿಗೆ ಬಟ್ಟೆ ಹೊಂದಿಸುವುದು ಅವಳ ಕೆಲಸ. ಟೀವಿ ಕಪ್ಪುಬಿಳುಪಾದ್ದರಿಂದ ಅವಳಿಗೆ ಬಣ್ಣದ ಹಂಗಿಲ್ಲ. ಅಚ್ಚಬಿಳಿ ಬಟ್ಟೆ ಕ್ಯಾಮೆರಾದಲ್ಲಿ ಕಣ್ಣು ಕುಕ್ಕುತ್ತದೆಂದು ಡಾಕ್ಟರ ಪಾತ್ರದ ಕೋಟನ್ನು ಚಹಾದ ನೀರಿನಲ್ಲಿ ಅದ್ದಿ ಒಣಗಿಸುತ್ತಾಳೆ. ಬೆನ್ನಿನ ಕಡೆ ಕ್ಯಾಮೆರಾ ಹೋಗುವುದಿಲ್ಲವೆಂದು ಅರ್ಧ ಬಟ್ಟೆಗಳಿಗೆ ಹಿಂದೆ ಹೊಲಿಗೆಯೇ ಇಲ್ಲ, ಬರೀ ಪಿನ್ನು. ಕೆಂಪು, ನೀಲಿ ಎಂದು ಅವಳು ಮಾತಾಡುವುದೇ ಇಲ್ಲ. ತಿಳಿ ಬೂದು, ನಡು ಬೂದು, ಕಡು ಬೂದು ಅನ್ನುತ್ತಾಳೆ. ಒಮ್ಮೆ ತಮ್ಮನ ಮದುವೆಗೆ ಗಂಡನಿಗೆ ನೇರಳೆ ಪ್ಯಾಂಟು, ಕಿತ್ತಳೆ ಶರ್ಟು ತೊಡಿಸಿ ಕಳಿಸಿದ್ದಳು. ನೆಂಟರೆಲ್ಲ ನಕ್ಕರೆ, 'ಎರಡೂ ಒಳ್ಳೇ ಬೂದು ಕಣ್ರೀ' ಎಂದು ಅವಳದೇ ವಾದ.

ಈ ಗಂಡ ಕತೆಯಲ್ಲಿ ಮತ್ತೆ ಬರುವುದಿಲ್ಲ. ಆ ಪ್ಯಾಂಟಿಗಾಗಿ ಮಾತ್ರ ಕರೆದಿದ್ದೆ.

೩

ಕೋಟು ಹೊಲಿದದ್ದು ಉಡುಪಿನಕ್ಕನ ಅಮ್ಮ. ಬೀದಿಯವರಿಗೆ ಟೈಲರಮ್ಮ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಕಾಲಲ್ಲಿ ತುಳಿಯುವ ಮೆಷಿನ್ನು, ಬಟ್ಟೆ ಕತ್ತರಿಸುವ ಉದ್ದದ ಮೇಜು, ತಗಡಿನ ಡಬ್ಬಿಯಲ್ಲಿ ದಾರ. ಬಟ್ಟೆಗೆ ದಾರ ಹೊಂದಿಸುವುದರಲ್ಲಿ ಆಕೆಯ ಕಣ್ಣಿಗೆ ಸರಿಸಾಟಿ ಇಲ್ಲ ಎಂಬುದು ಊರಿಗೇ ಗೊತ್ತಿದ್ದ ಮಾತು, ಆಕೆಗೂ ಚೆನ್ನಾಗಿ ಗೊತ್ತಿದ್ದ ಮಾತು.

ಮಗಳು ಆ ಅಂಗಡಿ ಬಿಟ್ಟು ಟೀವಿಯ ಕೆಲಸಕ್ಕೆ ಸೇರಿದ್ದು ಟೈಲರಮ್ಮನಿಗೆ ಹಿಡಿಸಿರಲಿಲ್ಲ. ಜಗಳವೇನೂ ಆಗಲಿಲ್ಲ. ಆದರೆ ಪಿನ್ನು ಹಾಕಿದ ಬೆನ್ನಿನ ವಿಷಯ ಕೇಳಿದ ದಿನ ಆಕೆ ಮೂಗು ಮುರಿದದ್ದು ಹಾಗೇ ಉಳಿದುಬಿಟ್ಟಿತ್ತು. "ಮುಂದೆ ಬಟ್ಟೆ, ಹಿಂದೆ ಪಿನ್ನು. ಅದಕ್ಕೊಂದು ಸಂಬಳ," ಅನ್ನುತ್ತಿದ್ದಳು.

ಇಲ್ಲಿ ಅವರಿಬ್ಬರ ಮನಸ್ತಾಪದ ಬಗ್ಗೆ ಎರಡು ಪುಟ ಬರೆದಿದ್ದೆ. ಕಣ್ಣೀರು ಚೆನ್ನಾಗಿ ಬಂದಿತ್ತು. ಉಡುಪಿನಕ್ಕ ಓದಿ ಪುಟ ಮಡಚಿ ವಾಪಸ್ಸು ಕೊಟ್ಟಳು.

"ಇಷ್ಟೆಲ್ಲಾ ಇಲ್ಲ ಸಾರ್. ವಾರಕ್ಕೊಂದ್ಸಲ ಮನೆಗೆ ಹೋಗ್ತೀನಿ, ಊಟ ಮಾಡ್ತೀನಿ, ಬರ್ತೀನಿ. ಕೆಲಸದ ಮಾತು ಎತ್ತಲ್ಲ, ಅಷ್ಟೇ."

"ಸ್ವಲ್ಪ ದುಃಖ ಇದ್ರೆ ಓದೋರಿಗೆ ಚೆನ್ನಾಗಿರತ್ತೆ ಅಕ್ಕಾ."

"ಓದೋರಿಗೆ ಅವರವರದೇ ಇರತ್ತೆ ಬಿಡಿ."

ಎರಡು ಪುಟ ಹೋಯಿತು. ಮುಂದೆ ನಡೆಯೋಣ.

ಈ ನಾಟಕದಲ್ಲೊಬ್ಬ ನಿವೃತ್ತ ಬ್ಯಾಂಡ್ ಮಾಸ್ತರ ಇದ್ದಾನೆ. ಅವನಿಗೆ ಕಸೂತಿ ಹಾಕಿದ ಕೋಟು ಬೇಕು, ಅಂಥ ಕಸೂತಿ ಅಮ್ಮನಿಗಲ್ಲದೆ ಬೇರೆ ಯಾರಿಗೂ ಬರುವುದಿಲ್ಲ. ಉಡುಪಿನಕ್ಕ ಧೈರ್ಯ ಮಾಡಿ ಕೇಳಿದಳು. ಅಮ್ಮ ಆಶ್ಚರ್ಯವಾಗುವಷ್ಟು ಬೇಗ ಒಪ್ಪಿದಳು. ಬಹುಶಃ ಯಾವಾಗ ಕೇಳುತ್ತಾಳೋ ಎಂದೇ ಕಾದಿದ್ದಳೇನೋ.

"ಯಾವ ಬಣ್ಣ ಹಾಕಲಿ?"

"ಯಾವುದಾದ್ರೂ ಹಾಕಮ್ಮ. ಅದರಲ್ಲಿ ಬಣ್ಣ ಎಲ್ಲಿ ಕಾಣತ್ತೆ. ಬಟ್ಟೆ ಕಡು ಇರಲಿ ಸಾಕು."

ಇದೊಂದು ತಪ್ಪು. ಸ್ಟುಡಿಯೋದಲ್ಲಿ ಇದ್ದೂ ಇದ್ದೂ ಬಣ್ಣದ ಲೆಕ್ಕವನ್ನೇ ಮರೆತವಳು ಮಾತ್ರ ಮಾಡಬಹುದಾದ ತಪ್ಪು. ಜೀವಮಾನವೆಲ್ಲ ಬಣ್ಣ ಹೊಂದಿಸಿದವಳಿಗೆ 'ಯಾವುದಾದ್ರೂ' ಎಂದರೆ ಹೇಗಾಗಬೇಡ? ಟೈಲರಮ್ಮ ಯಾವುದಾದರೂ ಹಾಕುವವಳಲ್ಲ. ಆಳವಾದ ಕೆಂಪು ಬಟ್ಟೆ ಆರಿಸಿದಳು. ಒಂದು ಬಣ್ಣ ಇನ್ನೊಂದನ್ನು ತುಳಿಯಬಾರದು ಎಂಬುದು ಆಕೆಯ ನಿಯಮವಾದ್ದರಿಂದ, ಆ ಕೆಂಪಿನಷ್ಟೇ ಆಳವಾದ ಹಸಿರನ್ನು ಹುಡುಕಿದಳು. ಆಗಲೇ ಕಣ್ಣಿಗೆ ಪೊರೆ ಬರಲು ಶುರುವಾಗಿತ್ತು. ಸೂಕ್ಷ್ಮ ಹೊಲಿಗೆ ಬಿಟ್ಟುಬಿಡಿ ಎಂದು ಡಾಕ್ಟರು ಹೇಳಿದ್ದರು. ಹಗಲ ಬೆಳಕಿನಲ್ಲಿ, ಕಿಟಕಿಯ ಹತ್ತಿರ ಮಾತ್ರ ಕೂತು, ದಿನಕ್ಕೆರಡು ಎಲೆಯಂತೆ ಆ ಬಳ್ಳಿಯನ್ನು ಬೆಳೆಸಿದಳು. ಬೆನ್ನಿಗೂ ಹೊಲಿಗೆ ಹಾಕಿದಳು ಎಂದು ಬೇರೆ ಹೇಳಬೇಕಾಗಿಲ್ಲ.

೪

ಈಗ ಮತ್ತೆ ಸಂಜೆ, ಸ್ಟುಡಿಯೋ. ಕೋಟು ಹಾಕಿಕೊಂಡು ಬ್ಯಾಂಡ್ ಮಾಸ್ತರನ ಪಾತ್ರಧಾರಿ ಕ್ಯಾಮೆರಾದ ಮುಂದೆ ನಿಂತ. ದೀಪದ ಬಿಸಿಗೆ ಬಕೆಟ್ಟುಗಟ್ಟಲೆ ಬೆವರುವ ಮನುಷ್ಯನಾದ್ದರಿಂದ ಅವನಿಗೆ ಬೆವರಪ್ಪ ಎಂದು ಹೆಸರು. (ಈ ಬೆವರನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ. ಜಾಣ ಲೇಖಕರು ಇದನ್ನು ಓದುಗರಿಗೆ ಹೇಳದೆ ಅಡಗಿಸಿಡುತ್ತಾರೆ. ನನ್ನ ಹತ್ತಿರ ಅಂಥ ಜಾಣತನ ಇಲ್ಲ.)

ನಿರ್ದೇಶಕ ಮಾನಿಟರಿನ ಹತ್ತಿರ ಬಗ್ಗಿದ. "ಅಕ್ಕಾ, ಏನೋ ಕಸೂತಿ ಅಂದಿದ್ರಿ?"

ಉಡುಪಿನಕ್ಕ ಬಂದು ನೋಡಿದಳು.

ಪರದೆಯ ಮೇಲೆ ಬಳ್ಳಿಯೇ ಇರಲಿಲ್ಲ. ಎಲೆಯಿಲ್ಲ, ದಂಟಿಲ್ಲ, ಏನೂ ಇಲ್ಲ. ಕುತ್ತಿಗೆಯಿಂದ ಮೊಣಕಾಲವರೆಗೆ ಒಂದೇ ಸಮ ಬೂದು. ಬೆವರಪ್ಪ ಗೋಣಿಚೀಲ ಹೊದ್ದವನಂತೆ ನಿಂತಿದ್ದ. ಕೆಂಪಿಗೂ ಹಸಿರಿಗೂ ಆಳ ಒಂದೇ ಆದ್ದರಿಂದ ಕ್ಯಾಮೆರಾ ಎರಡನ್ನೂ ಒಂದೇ ಎಂದುಕೊಂಡಿತ್ತು.

ದೀಪದವನು ಪಕ್ಕದಿಂದ ಬೆಳಕು ಹಾಕಿ ನೋಡಿದ. ಎಲೆಗಳ ನೆರಳು ತುಸು ಕಂಡಿತು, ಜೊತೆಗೆ ಮೈಕಿನ ನೆರಳು ಬೆವರಪ್ಪನ ಮೂಗಿನ ಮೇಲೆ ಬಿತ್ತು. ಬೇಡವೆಂದರು. "ಬೇರೆ ಕೋಟು ಹಾಕಿ ಅಕ್ಕಾ, ಯಾರಿಗೆ ಗೊತ್ತಾಗತ್ತೆ," ಅಂದ ನಿರ್ದೇಶಕ.

ಗೊತ್ತಾಗುವವರು ಇದ್ದರು. ಟೈಲರಮ್ಮನ ಬೀದಿಯಲ್ಲಿ ಟೀವಿ ಇದ್ದದ್ದು ಔಷಧಿ ಅಂಗಡಿಯವರ ಮನೆಯಲ್ಲಿ ಮಾತ್ರ. ಇಷ್ಟು ದಿನ ಒಮ್ಮೆಯೂ ಅತ್ತ ಕಾಲಿಡದ ಟೈಲರಮ್ಮ ಈವತ್ತು ತಾನು ಬರುವುದಲ್ಲದೆ ಬೀದಿಯವರನ್ನೆಲ್ಲ ಕರೆದಿದ್ದಳು: ನನ್ನ ಮಗಳ ನಾಟಕ, ನನ್ನ ಕೋಟು, ಬನ್ನಿ. 'ನನ್ನ ಮಗಳ ನಾಟಕ' ಎಂದದ್ದು ಅದೇ ಮೊದಲು. ಈಗ ಅಷ್ಟು ಜನರ ನಡುವೆ ಕೂತು ಆಕೆ ನೋಡಬೇಕಾದದ್ದು ಒಂದು ಗೋಣಿಚೀಲ.

ಉಡುಪಿನಕ್ಕ ಮಾನಿಟರಿಗೆ ಬೆನ್ನು ಮಾಡಿ ನನ್ನ ಕಡೆ ತಿರುಗಿದಳು.

"ಸಾರ್, ಕರೆಂಟ್ ತೆಗೀರಿ. ಆ ಬೀದೀದು ಮಾತ್ರ. ಅರ್ಧ ಗಂಟೆ ಸಾಕು."

"ತೆಗೀಬಹುದು ಅಕ್ಕಾ. ಆದ್ರೆ ಕರೆಂಟ್ ಹೋಗೋ ಕತೆ ಯಾರು ಬೇಕಾದ್ರೂ ಬರೀತಾರೆ. ನಂಗೂ ಒಂದು ಮರ್ಯಾದೆ ಇದೆ."

"ನಿಮ್ಮ ಮರ್ಯಾದೆ ನೋಡ್ತಾ ಕೂತ್ರೆ ನಮ್ಮಮ್ಮನ ಮರ್ಯಾದೆ ಹೋಗತ್ತೆ."

ಮಾತಿಗೆ ಮಾತು ಬೆಳೆಯುತ್ತಿತ್ತು. ಆದರೆ ಅವಳು ನನ್ನ ಉತ್ತರಕ್ಕೆ ಕಾಯಲಿಲ್ಲ. ಅವಳ ಕಣ್ಣು ಮೂಲೆಯ ಕಪಾಟಿನ ಮೇಲೆ ಬಿದ್ದಿತ್ತು.

೫

ಕಪಾಟಿನಲ್ಲಿ ಕ್ಯಾನ್ವಾಸ್ ಶೂಗೆ ಬಳಿಯುವ ಬಿಳಿ ಪಾಲಿಶ್ ಇತ್ತು. ಮಕ್ಕಳ ಕವಾಯತಿನ ಕಾರ್ಯಕ್ರಮಕ್ಕೆ ತಂದದ್ದು.

ಅದನ್ನು ತಟ್ಟೆಗೆ ಸುರಿದಳು. ಅಚ್ಚಬಿಳಿ ಕಣ್ಣು ಕುಕ್ಕುತ್ತದೆಂದು ತನ್ನ ಲೋಟದಲ್ಲಿ ತಣ್ಣಗಾಗಿದ್ದ ಚಹಾವನ್ನು ಬೆರೆಸಿದಳು. ಸಣ್ಣ ಕುಂಚ ಅದ್ದಿದಳು. ಕೋಟನ್ನು ಮೇಜಿನ ಮೇಲೆ ಹರಡಿ ಮೊದಲ ಎಲೆಯ ಮೇಲೆ ಕುಂಚ ಹಿಡಿದು ನಿಂತಳು.

ಕತೆಗಾರನಾಗಿ ನನಗೆ ಇಲ್ಲಿ ಖುಷಿಯಾಗಬೇಕು. ಇಂಥ ಇಕ್ಕಟ್ಟು ದಿನಾ ಸಿಗುವುದಿಲ್ಲ: ಅಮ್ಮನ ಕೆಲಸ ಕಾಣಬೇಕಾದರೆ ಅಮ್ಮನ ಕೆಲಸವನ್ನು ಕೆಡಿಸಬೇಕು. ಬಳಿದರೆ ಬೀದಿಗೆ ಬಳ್ಳಿ ಕಾಣುತ್ತದೆ, ಆದರೆ ಆ ರೇಷ್ಮೆಯ ಹಸಿರು, ಇನ್ನೊಂದು ಮಾಡಲು ಕಣ್ಣಿಲ್ಲದವಳು ಮಾಡಿದ ಹಸಿರು, ಪಾಲಿಶಿನ ಕೆಳಗೆ ಹೋಗುತ್ತದೆ. ಬಳಿಯದಿದ್ದರೆ ಹಸಿರು ಉಳಿಯುತ್ತದೆ, ಯಾರಿಗೂ ಕಾಣುವುದಿಲ್ಲ. ಆದರೆ ನಿಜ ಹೇಳುತ್ತೇನೆ, ಅವಳು ಹಾಗೆ ನಿಂತದ್ದನ್ನು ನೋಡಿ ನನಗೆ ಖುಷಿಯಾಗಲಿಲ್ಲ.

"ಬೇಡ ಅಕ್ಕಾ," ಅಂದೆ. "ನಾನು ಬೇರೆ ಏನಾದ್ರೂ ಯೋಚಿಸ್ತೀನಿ."

"ನೀವು ಯೋಚಿಸೋ ಹೊತ್ತಿಗೆ ವಾರ್ತೆ ಮುಗಿದು ನಾಟಕ ಶುರುವಾಗತ್ತೆ," ಎಂದು ಬಳಿದಳು.

ಒಂದು ಎಲೆ, ಇನ್ನೊಂದು, ಆಮೇಲೆ ದಂಟು. ಪಕ್ಕದ ಕೋಣೆಯಲ್ಲಿ ವಾರ್ತೆ ಓದುವವರ ದನಿ ಕೇಳುತ್ತಿತ್ತು. ಅವಸರದಲ್ಲಿ ಕುಂಚ ಅಂಚು ದಾಟಿತು, ಒರೆಸಿದಳು, ಮತ್ತೆ ದಾಟಿತು, ಬಿಟ್ಟಳು. ಕಾಲರಿನ ಕೊನೆಯ ಚಿಗುರಿಗೆ ಬಂದಾಗ ವಾರ್ತೆ ಮುಗಿದು ಉದ್ಘೋಷಕಿ ನಾಟಕದ ಹೆಸರು ಹೇಳುತ್ತಿದ್ದಳು. ಪೂರ್ತಿ ಒಣಗದ ಕೋಟನ್ನೇ ಬೆವರಪ್ಪನಿಗೆ ತೊಡಿಸಿ ತಳ್ಳಿದಳು.

೬

ಔಷಧಿ ಅಂಗಡಿಯವರ ಮನೆ. ಚಾಪೆಯ ಮೇಲೆ, ಬಾಗಿಲಲ್ಲಿ, ಕಿಟಕಿಯ ಹೊರಗೆ ಜನ. ಟೈಲರಮ್ಮನಿಗೆ ಕುರ್ಚಿ, ಎಲ್ಲರಿಗಿಂತ ಮುಂದೆ.

ಬ್ಯಾಂಡ್ ಮಾಸ್ತರ ಬಾಗಿಲು ತೆರೆದುಕೊಂಡು ಬಂದ. ಕಡು ಬೂದು ಕೋಟಿನ ಮೇಲೆ ಬಳ್ಳಿ ಬೆಳ್ಳಗೆ, ಎಲೆ ಎಲೆಯೂ ಎದ್ದು ಕಾಣುವಂತೆ ಹಬ್ಬಿತ್ತು.

"ಏನು ಕೈ ರೀ ನಿಮ್ಮದು ಟೈಲರಮ್ಮ," ಎಂದಳು ಔಷಧಿ ಅಂಗಡಿಯವರ ಹೆಂಡತಿ.

ಟೈಲರಮ್ಮ ಕಣ್ಣು ಕಿರಿದು ಮಾಡಿ ಮುಂದಕ್ಕೆ ಬಾಗಿದಳು. ರೇಷ್ಮೆ ದಾರ ಮೈ ಅಲ್ಲಾಡಿದಂತೆ ಹೊಳಪು ಬದಲಿಸುತ್ತದೆ. ಇದು ಗೋಡೆಗೆ ಹಚ್ಚಿದ ಸುಣ್ಣದಂತೆ ಸುಮ್ಮನಿತ್ತು.

"ಅದು ನನ್ನ ದಾರ ಅಲ್ಲ," ಎಂದಳು.

"ನಿಮ್ಮದೇ ಕಣ್ರೀ. ಟೀವೀಲಿ ಹಾಗೆ ಕಾಣತ್ತೆ."

"ಹೊಲಿದವಳು ನಾನು. ನಂಗೊತ್ತಿಲ್ವಾ?"

ಮತ್ತೆ ಪರದೆಗೆ ಕಣ್ಣು ನೆಟ್ಟಳು. ನಾನು ಗಾಬರಿಯಾಗಿ ಆಕೆಯ ಮುಖ ನೋಡಿದೆ. ಕೋಪವೋ ಬೇಸರವೋ ಗೊತ್ತಾಗಲಿಲ್ಲ. ನಾನೇ ಸೃಷ್ಟಿಸಿದ ಮುಖ, ಆದರೂ ಗೊತ್ತಾಗಲಿಲ್ಲ.

೭

ನಾಟಕದ ಕತೆ ದೊಡ್ಡದೇನಲ್ಲ. ಬ್ಯಾಂಡ್ ಮಾಸ್ತರನೊಡನೆ ಜಗಳವಾಡಿ ಹೋಗಿದ್ದ ಮಗಳು ವಾಪಸ್ಸು ಬರುತ್ತಾಳೆ, ಕೊನೆಗೆ ಅಪ್ಪನನ್ನು ಅಪ್ಪಿಕೊಳ್ಳುತ್ತಾಳೆ. (ಹೌದು, ಹೋಲಿಕೆ ನನಗೂ ಕಂಡಿತು. ನಾನು ಮಾಡಿದ್ದಲ್ಲ, ನಾಟಕ ಬರೆದವರನ್ನು ಕೇಳಿ. ಅವರನ್ನು ಸೃಷ್ಟಿಸಿದ್ದು ಯಾರು ಎಂದು ಮಾತ್ರ ಕೇಳಬೇಡಿ.)

ದೀಪಗಳ ಕೆಳಗೆ ಬೆವರಪ್ಪ ತನ್ನ ಹೆಸರು ಉಳಿಸಿಕೊಂಡ. ಕೊನೆಯ ದೃಶ್ಯದ ಹೊತ್ತಿಗೆ ಕೋಟು ಒಳಗಿನಿಂದ ತೊಯ್ದಿತ್ತು. ಒಣಗದ ಪಾಲಿಶು, ಅದರ ಮೇಲೆ ಬೆವರು. ಕ್ಯಾಮೆರಾದ ಹಿಂದೆ ನಿಂತಿದ್ದ ಉಡುಪಿನಕ್ಕನಿಗೆ ಆಗ ಹೊಳೆಯಿತು. ಕೂಗುವಂತಿಲ್ಲ, ಕೂಗಿದರೆ ಊರಿಗೆಲ್ಲ ಕೇಳುತ್ತದೆ. ಕೈ ಬೀಸಿದಳು. ಯಾರೂ ನೋಡಲಿಲ್ಲ. ಮಗಳ ಪಾತ್ರದವಳು ಓಡಿ ಬಂದು ಬ್ಯಾಂಡ್ ಮಾಸ್ತರನ ಎದೆಗೆ ಕೆನ್ನೆಯೊತ್ತಿ ಗಟ್ಟಿಯಾಗಿ ಅಪ್ಪಿಕೊಂಡಳು. ಚೆನ್ನಾಗಿ ನಟಿಸುವವಳು, ಬೇಗ ಬಿಡಲಿಲ್ಲ.

ಅವಳು ತಲೆಯೆತ್ತಿ ಕ್ಯಾಮೆರಾದ ಕಡೆ ತಿರುಗಿದಾಗ ಕೆನ್ನೆಯ ಮೇಲೆ ಮೂರು ಎಲೆ, ಒಂದು ದಂಟು ಮೂಡಿತ್ತು. ಕಪ್ಪು ಅಂಗಿಯ ಭುಜದಿಂದ ಸೊಂಟದವರೆಗೆ ಬಳ್ಳಿಯ ಉಳಿದ ಭಾಗ. ಅಪ್ಪನ ಎದೆಯ ಮೇಲಿದ್ದುದು ಅರ್ಧಕ್ಕರ್ಧ ಮಗಳಿಗೆ ಹೋಗಿತ್ತು. ನಿರ್ದೇಶಕ ತಲೆ ಮೇಲೆ ಕೈ ಹೊತ್ತು ಕೂತ. ನಟಿಗೆ ಕೆನ್ನೆ ಒದ್ದೆಯಾದದ್ದು ಗೊತ್ತಾಯಿತು, ಪಕ್ಕದ ಮಾನಿಟರಿನಲ್ಲಿ ತನ್ನನ್ನು ನೋಡಿದಳು, ಒರೆಸಿಕೊಳ್ಳಲು ಎತ್ತಿದ ಕೈಯನ್ನು ಹಾಗೇ ಇಳಿಸಿದಳು. ಎಲೆಗಳಿರುವ ಕೆನ್ನೆಯನ್ನೇ ಬೆಳಕಿಗೆ ಕೊಟ್ಟು ಕೊನೆಯ ಮಾತು ಹೇಳಿದಳು.

ಔಷಧಿ ಅಂಗಡಿಯವರ ಮನೆಯಲ್ಲಿ ಇಬ್ಬರು ಮೂವರು ಕಣ್ಣೊರೆಸಿಕೊಂಡರು. ಟೈಲರಮ್ಮ ನಗಲು ಶುರುಮಾಡಿದಳು. ಸದ್ದಿಲ್ಲದೆ, ಹೊಟ್ಟೆ ಹಿಡಿದುಕೊಂಡು, ಕುರ್ಚಿ ಅಲ್ಲಾಡುವಷ್ಟು ನಕ್ಕಳು.

"ಯಾಕ್ರೀ?" ಅಂದರು.

"ಬಣ್ಣ ಬಿಟ್ಟಿದೆ ರೀ," ಎಂದಳು. "ನನ್ನ ಮಗಳು ಬಳಿದಿದಾಳೆ."

ಸ್ಟುಡಿಯೋಗೆ ಫೋನುಗಳು ಬಂದವು. ಅಪ್ಪನ ಬಳ್ಳಿ ಮಗಳ ಮೈಗೆ ಹಬ್ಬಿದ್ದು ಅದ್ಭುತ, ಹೇಗೆ ಮಾಡಿದಿರಿ ಎಂದು ಕೇಳಿದರು. ನಿರ್ದೇಶಕ ಗಂಟಲು ಸರಿಮಾಡಿಕೊಂಡು, "ಅದೊಂದು ಸಂಕೇತ," ಎಂದ. ಮೂರನೆಯ ಫೋನಿನ ಹೊತ್ತಿಗೆ ಅವನೂ ಅದನ್ನು ನಂಬಿದ್ದ.

೮

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕೋಟು ಇನ್ನೂ ಉಡುಪಿನಕ್ಕನ ಕೈಯಲ್ಲಿದೆ. ಮರುದಿನ ಮಧ್ಯಾಹ್ನ ಅದನ್ನು ಕಾಗದದಲ್ಲಿ ಸುತ್ತಿಕೊಂಡು ಅಮ್ಮನ ಮನೆಗೆ ಹೋದಳು. ಅಮ್ಮ ಬಿಚ್ಚಿ, ಕಿಟಕಿಯ ಹತ್ತಿರದ ಮೇಜಿನ ಮೇಲೆ ಹರಡಿದಳು. ಅರ್ಧ ಬಿಳಿ, ಅರ್ಧ ಹಸಿರು, ನಡುವೆ ಕಲಸಿಹೋದ ಎಲೆಗಳು.

ಮೂರು ಮುಕ್ತಾಯ ಸಿದ್ಧವಿದ್ದವು. ಒಂದರಲ್ಲಿ ಅಮ್ಮ ಕೋಟನ್ನು ಮಗಳ ಕೈಗೆ ತುರುಕಿ ಬಾಗಿಲು ಹಾಕಿಕೊಳ್ಳುತ್ತಾಳೆ (ಪ್ರಶಸ್ತಿ ಸಮಿತಿಗಳಿಗೆ ಇಷ್ಟವಾಗುತ್ತದೆ). ಇನ್ನೊಂದರಲ್ಲಿ ಇಬ್ಬರೂ ಅಪ್ಪಿಕೊಂಡು ಅಳುತ್ತಾರೆ. ಮೂರನೆಯದರಲ್ಲಿ ಕೋಟು ಮಾತಾಡುತ್ತದೆ. ಅದನ್ನು ಬರೆದ ದಿನ ನನಗೆ ಸ್ವಲ್ಪ ಜ್ವರವಿತ್ತು.

"ಅಪ್ಪಿಕೊಳ್ಳೋದು ನಿನ್ನೆ ಟೀವೀಲೇ ಆಯ್ತಲ್ಲಪ್ಪ," ಎಂದಳು ಟೈಲರಮ್ಮ ನನಗೆ. "ನೀನು ಸ್ವಲ್ಪ ಆಚೆ ಕೂತ್ಕೋ. ಬೆಳಕಿಗೆ ಅಡ್ಡ ಬರ್ತೀಯ."

ಆಚೆ ಕೂತೆ.

"ಯಾರು ಬಳಿದಿದ್ದು?" ಎಂದು ಗೊತ್ತಿದ್ದೂ ಮಗಳನ್ನು ಕೇಳಿದಳು.

"ನಾನೇ ಅಮ್ಮ."

"ಗೊತ್ತಾಯ್ತು. ಎಲೆ ತುದಿ ಎಲ್ಲಾ ದಾಟಿದೆ. ಚಿಕ್ಕೋಳಿದ್ದಾಗ್ಲೂ ನಿಂಗೆ ಗೆರೆ ಒಳಗೆ ಬಣ್ಣ ತುಂಬೋಕೆ ಬರ್ತಿರಲಿಲ್ಲ."

"ಕಾಣ್ತಾನೇ ಇರಲಿಲ್ಲಮ್ಮ. ಕೆಂಪೂ ಹಸಿರೂ ಎರಡೂ ಅದರಲ್ಲಿ ಒಂದೇ ಬೂದು. ಮೊದಲೇ ನಾನು ಹೇಳಬೇಕಿತ್ತು. ಹೇಳಲಿಲ್ಲ."

ಟೈಲರಮ್ಮನ ಬೆರಳು ಎಲೆಯ ಮೇಲೆ ನಿಂತಿತು. "ಒಂದೇ ಅಂದ್ರೆ? ಸ್ವಲ್ಪ ಹೆಚ್ಚುಕಮ್ಮಿ ಇತ್ತೋ, ಒಂದೇನೋ?"

"ಒಂದೇ. ಎಲ್ಲಿ ಬಟ್ಟೆ, ಎಲ್ಲಿ ದಾರ ಅಂತ ಗೊತ್ತಾಗ್ತಿರಲಿಲ್ಲ."

"ಎರಡರ ಆಳದ ವ್ಯತ್ಯಾಸ ಆ ಕ್ಯಾಮೆರಾ ಮೆಷಿನ್ನಿಗೂ ಗೊತ್ತಾಗಲಿಲ್ವಾ?"

"ಗೊತ್ತಾಗಲಿಲ್ಲ."

ಟೈಲರಮ್ಮ ಎಲೆಯನ್ನೂ ಬಟ್ಟೆಯನ್ನೂ ಬೆರಳಿನಿಂದ ಸವರಿದಳು. ಆಮೇಲೆ ಮುಖವೆಲ್ಲ ಅರಳಿತು. ಬೆನ್ನು ನೆಟ್ಟಗಾಯಿತು.

"ಹಾಗಾದ್ರೆ ನನ್ನ ಕಣ್ಣು ಸರಿಯಾಗೇ ಇದೆ," ಎಂದಳು. "ಆ ಡಾಕ್ಟರಿಗೆ ಹೇಳು."

ಇದು ನನ್ನ ಮೂರು ಮುಕ್ತಾಯಗಳಲ್ಲಿ ಇರಲಿಲ್ಲ. ಇಡೀ ಸಂಜೆ ನಾವು ಯಾವುದನ್ನು ಅವಮಾನ ಎಂದುಕೊಂಡು ಒದ್ದಾಡಿದೆವೋ ಅದೇ ಆಕೆಗೆ ಸಿಕ್ಕ ದೊಡ್ಡ ಮೆಚ್ಚುಗೆ ಎಂದು ನನಗೂ ಹೊಳೆದಿರಲಿಲ್ಲ, ಉಡುಪಿನಕ್ಕನಿಗೂ ಹೊಳೆದಿರಲಿಲ್ಲ. ಅವಳು ಬಾಯಿ ತೆರೆದುಕೊಂಡು ಅಮ್ಮನನ್ನು ನೋಡಿದಳು. ಆಮೇಲೆ ಇಬ್ಬರೂ ಒಟ್ಟಿಗೆ ನಕ್ಕರು.

೯

ಬಕೆಟ್ಟಿನಲ್ಲಿ ಸೋಪಿನ ನೀರು ಮಾಡಿ ಕೋಟನ್ನು ಮುಳುಗಿಸಿ ಅಂಗಳದ ಕಟ್ಟೆಯ ಪಕ್ಕ ಇಟ್ಟಿದ್ದಾರೆ. ಪಾಲಿಶು ಹೋಗಬಹುದು. ಹೋಗದೆಯೂ ಇರಬಹುದು, ಚಹಾ ಬೇರೆ ಇದೆಯಲ್ಲ. ಹಸಿರು ಮೊದಲಿನಂತೆ ಬರುತ್ತದೋ, ಬೇರೆ ಯಾವುದೋ ಹಸಿರಾಗುತ್ತದೋ ಹೇಳಲಾರೆ. ಬಂದರೂ ನಿಮಗೆ ತೋರಿಸುವುದು ಹೇಗೆ? ಇಲ್ಲಿಯವರೆಗೆ ನಾನು ಕೆಂಪು ಎಂದು ಬರೆದಾಗಲೂ ಹಸಿರು ಎಂದು ಬರೆದಾಗಲೂ ನಿಮ್ಮ ಕಣ್ಣಿಗೆ ಬಿದ್ದದ್ದು ಒಂದೇ ಕಪ್ಪು ಅಕ್ಷರ. ಕಾಣಲಿ ಎಂದು ಅಲ್ಲಲ್ಲಿ ನಾನೂ ಸ್ವಲ್ಪ ಪಾಲಿಶು ಬಳಿದಿದ್ದೇನೆ. ಎಲ್ಲಿ ಎಂದು ಕೇಳಬೇಡಿ. ಅಂಚು ದಾಟಿದ ಕಡೆ ನಿಮಗೇ ಗೊತ್ತಾಗಿರುತ್ತದೆ.

"ಎತ್ತಿ ನೋಡೋಣ್ವಾ ಅಮ್ಮಾ?" ಎಂದೆ ಟೈಲರಮ್ಮನಿಗೆ. "ಕತೆ ಮುಗಿಸಬೇಕಿತ್ತು."

"ನೆನೀಲಿ ಬಿಡಪ್ಪ. ನಿಂಗೇನು ಅವಸರ."

ದಾರದ ಡಬ್ಬಿಯನ್ನು ಮಧ್ಯೆ ಇಟ್ಟುಕೊಂಡು ತಾಯಿ ಮಗಳು ಕಟ್ಟೆಯ ಮೇಲೆ ಕೂತಿದ್ದಾರೆ. ಮುಂದಿನ ನಾಟಕಕ್ಕೊಂದು ರವಿಕೆ ಬೇಕಂತೆ.

"ಹಳದಿ ಯಾವ ಬೂದು?"

"ತಿಳಿ."

"ಈ ನೀಲಿ?"

"ನಡು. ಸ್ವಲ್ಪ ಕಡುನೇ ಅನ್ನು."

"ಇದೂ ಅದೂ ಪಕ್ಕದಲ್ಲಿ ಹಾಕಿದ್ರೆ ಎರಡೂ ಕಾಣತ್ತಾ?"

"ಕಾಣತ್ತಮ್ಮ. ಬೆನ್ನಿಗೆ ಮಾತ್ರ ಪಿನ್ನು ಹಾಕ್ತೀನಿ."

"ಹಾಕು ನೋಡೋಣ," ಎಂದಳು ಟೈಲರಮ್ಮ.

ಬಕೆಟ್ಟಿನ ತುಂಬ ನೊರೆ. ಕೆಳಗೇನಿದೆಯೋ ಕಾಣುತ್ತಿಲ್ಲ. ಎತ್ತಿ ನೋಡಬೇಕೆಂಬ ಆತುರ ಅಲ್ಲಿ ನನ್ನೊಬ್ಬನಿಗೇ ಇದ್ದದ್ದು, ನನ್ನ ಮಾತನ್ನು ಆ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ.